ಬಟನ್ ಫೋನಿಗೆ ಆರಿಸಿದ ಪುಟ್ಟ ಫ್ರೇಮ್‌ವರ್ಕ್

ಮುಂಬಯಿಯ ಪರೇಲಿನ ಒಂದು ಧರ್ಮಾಸ್ಪತ್ರೆಗೆ ನಮ್ಮ ಆಫೀಸು ಆ್ಯಪ್ ಮಾಡಿಕೊಡಲು ಒಪ್ಪಿಕೊಂಡಿತ್ತು. ರೋಗಿಗಳು ಕಾರಿಡಾರಿನಲ್ಲಿ ನಿಂತು ಕಾಯುವ ಬದಲು ತಮ್ಮ ಸರದಿಯನ್ನು ಫೋನಿನಲ್ಲೇ ನೋಡಿಕೊಳ್ಳಬೇಕು. ಅಲ್ಲಿಗೆ ಬರುವವರ ಕೈಯಲ್ಲಿದ್ದದ್ದು ಹೆಚ್ಚಾಗಿ ಅಗ್ಗದ ಬಟನ್ ಫೋನು. ಅದರ ಆಪರೇಟಿಂಗ್ ಸಿಸ್ಟಮ್ ಓಪನ್ ಸೋರ್ಸ್, ಯಾರು ಬೇಕಾದರೂ ತೆರೆದು ನೋಡಬಹುದಾದದ್ದು. ಅದಕ್ಕೆ ಆ್ಯಪ್ ಬರೆಯುವುದು ವೆಬ್ ಪುಟದ ಹಾಗೆ, ಜಾವಾಸ್ಕ್ರಿಪ್ಟಿನಲ್ಲಿ.

ಬರೆಯುವ ಮೊದಲು ಫ್ರೇಮ್‌ವರ್ಕ್, ಅಂದರೆ ಆ್ಯಪನ್ನು ಕಟ್ಟುವ ಸಿದ್ಧ ಚೌಕಟ್ಟು, ಯಾವುದೆಂದು ತೀರ್ಮಾನವಾಗಬೇಕಿತ್ತು. ನಮ್ಮ ಟೀಮ್ ಲೀಡ್ ಮರಾಠಿಯವರು, ಮಿತಭಾಷಿ ಹೆಂಗಸು. ಎಲ್ಲರಿಗೂ ಗೊತ್ತಿರುವ ದೊಡ್ಡ ಫ್ರೇಮ್‌ವರ್ಕೇ ಇರಲಿ ಎಂದರು. ಅದರಲ್ಲಿ ಒಂದು ಪುಟ ಬರೆದೆ. ಕಂಪ್ಯೂಟರಿನಲ್ಲಿ ಸೊಗಸಾಗಿ ಓಡಿತು. ಬಟನ್ ಫೋನಿಗೆ ಹಾಕಿದರೆ ಬರೀ ಬಿಳಿ ಪರದೆ. ಕೆಟ್ಟುಹೋಯಿತೆಂದು ಕೆಳಗಿಡುವ ಹೊತ್ತಿಗೆ ಅಕ್ಷರಗಳು ಮೂಡಿದವು. ಆ ಅಗ್ಗದ ಫೋನಿಗೆ ದೊಡ್ಡ ಚೌಕಟ್ಟು ಭಾರವಾಗಿತ್ತು.

ಹೆಚ್ಚು ಜನ ಬಳಸದ ಒಂದು ಪುಟ್ಟ ಫ್ರೇಮ್‌ವರ್ಕ್ ನನ್ನ ಕಣ್ಣಿಗೆ ಬಿದ್ದಿತ್ತು. ಅದನ್ನು ಹೇಳಿದಾಗ ಲೀಡ್ ಬೇಡವೆಂದು ತಲೆಯಾಡಿಸಿದರು. ಇವತ್ತು ನೀನಿದ್ದೀ, ನಾಳೆ ಹೊಸಬರು ಬಂದರೆ ಅದನ್ನು ಅವರಿಗೆ ಕಲಿಸುವವರು ಯಾರು ಎಂದು ಕೇಳಿದರು. ಸುಳ್ಳಲ್ಲದ ಮಾತು. ನಾನು ವಾದಕ್ಕೆ ಹೋಗಲಿಲ್ಲ. ಘಾಟ್ಕೋಪರಿನ ಮನೆಯಲ್ಲಿ ರಜೆಯ ದಿನ ಕೂತು ಅದೇ ಪುಟವನ್ನು ಪುಟ್ಟದರಲ್ಲೂ ಬರೆದೆ. ಅಮ್ಮ, “ಊಟಕ್ಕಾದ್ರೂ ಏಳು ಮಾರಾಯ್ತಿ” ಅಂತ ಬೈದರು.

ಮೀಟಿಂಗಿನಲ್ಲಿ ಎರಡು ಬಟನ್ ಫೋನುಗಳನ್ನು ಲೀಡ್ ಮುಂದಿಟ್ಟೆ, ಒಂದರಲ್ಲಿ ದೊಡ್ಡದರಲ್ಲಿ ಬರೆದ ಪುಟ, ಇನ್ನೊಂದರಲ್ಲಿ ಪುಟ್ಟದರಲ್ಲಿ ಬರೆದದ್ದು. ಅವರು ಎರಡರಲ್ಲೂ ಬಟನ್ ಒತ್ತಿದರು. ಒಂದು ಬಿಳಿಯಾಗಿಯೇ ಇತ್ತು, ಇನ್ನೊಂದರಲ್ಲಿ ಸರದಿಯ ಸಂಖ್ಯೆ ಆಗಲೇ ಬಂದಿತ್ತು. ನಂಬಿಕೆ ಬರಲಿಲ್ಲವೇನೋ, ಇದರಲ್ಲಿದ್ದದ್ದನ್ನು ಅದಕ್ಕೆ, ಅದರಲ್ಲಿದ್ದದ್ದನ್ನು ಇದಕ್ಕೆ ಹಾಕಿಸಿ ಇನ್ನೊಮ್ಮೆ ನೋಡಿದರು. ಆಮೇಲೆ, “ಚಲೋ, ಯಹೀ ಲೇಂಗೇ. ಸಿಖಾನಾ ತುಮ್” ಎಂದರು. ಇದನ್ನೇ ತೆಗೆದುಕೊಳ್ಳೋಣ, ಹೊಸಬರಿಗೆ ಕಲಿಸುವ ಜವಾಬ್ದಾರಿ ನಿನ್ನದು. ಆ ಜವಾಬ್ದಾರಿಯೂ ನನಗೆ ಇಷ್ಟವೇ ಆಯಿತು.

ಆ್ಯಪ್ ಶುರುವಾದ ಮೇಲೆ ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೋಗಿದ್ದೆ. ಬಾಗಿಲ ಹತ್ತಿರ ಬೆಂಚಿನ ಮೇಲೆ ವಿಜಯಪುರ ಕಡೆಯ ಹೆಂಗಸೊಬ್ಬರು ಗಂಡನ ಜೊತೆ ಕೂತಿದ್ದರು. ಫೋನು ನೋಡಿ ಗಂಡನಿಗೆ, “ಪಾಳಿ ಇನ್ನಾ ದೂರ ಐತಿ, ಚಾ ಕುಡದ ಬರೂಣು” ಎಂದರು. ಕನ್ನಡ ಕೇಳಿ ನಾನು ಮಾತಾಡಿಸಿದೆ. ಗಂಡನಿಗೆ ಕಟ್ಟಡದ ಕೆಲಸವಂತೆ. ನಿಮಗೆ ಏನು ಕಾಯಿಲೆ ಎಂದು ಅವರೇ ನನ್ನನ್ನು ಕೇಳಿದರು. ಕಾಯಿಲೆಯಿಲ್ಲ, ಆ ಆ್ಯಪಿನ ಕೆಲಸಕ್ಕೆ ಬಂದೆ ಎಂದೆ.

“ಇದನ್ನ ನೀವ ಮಾಡೀರೇನ್ರಿ?”

ಆಫೀಸಿನ ಕೆಲಸದ ಬಗ್ಗೆ ಯಾರು ಕೇಳಿದರೂ ‘ನಾವು’ ಎನ್ನುವುದೇ ನನ್ನ ರೂಢಿ. ಅವತ್ತು ಮಾತ್ರ, “ಹೌದು, ನಾನೇ ಮಾಡಿದ್ದು” ಎಂದುಬಿಟ್ಟೆ.