ಕಾಲಲ್ಲಿ ಒತ್ತುವ ಸ್ವಿಚ್ಚು

ನಿನ್ನೆ ಮಿಕ್ಸರಿನ ಕಿತ್ತುಹೋದ ತಂತಿಗೆ ಬೆಸುಗೆ ಹಾಕುತ್ತ ಕೂತಿದ್ದೆ. ಬೆಸುಗೆಯ ರಾಳ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿರಸಿಯ ನಾಗೇಶಣ್ಣನ ರೇಡಿಯೊ ರಿಪೇರಿ ಅಂಗಡಿ ನೆನಪಾಯಿತು. ನಿಮಗೂ ಅವನ ಪರಿಚಯ ಮಾಡಿಸಬೇಕು.

ತೊಂಬತ್ತರ ದಶಕದ ಕೊನೆ. ನಾನು ಊರಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ನುಡಿಸುವುದಕ್ಕಿಂತ ಉದ್ದ ಕೂದಲು ಕೊಡವುವುದರಲ್ಲೇ ನಾನು ಹೆಚ್ಚು ಪಳಗಿದ್ದೆ ಅನ್ನಿ. ಹುಬ್ಬಳ್ಳಿಯಲ್ಲಿ ಕೊಂಡ ಹಳೆಯ ಪೆಡಲ್ ಒಂದಿತ್ತು. ಅಂಗೈಯಗಲದ ಲೋಹದ ಡಬ್ಬಿ. ಅದರ ಸ್ವಿಚ್ಚನ್ನು ಕಾಲಲ್ಲಿ ಒಮ್ಮೆ ಒತ್ತಿದರೆ ಗಿಟಾರ್ ಗರ್ಜಿಸುತ್ತಿತ್ತು, ಮತ್ತೊಮ್ಮೆ ಒತ್ತಿದರೆ ಮೆತ್ತಗಾಗುತ್ತಿತ್ತು. ಮಂಚಿಕೇರಿಯ ಮದುವೆಯೊಂದರಲ್ಲಿ, ಜೋಗುಳದಂಥ ಹಾಡಿನ ನಡುವೆ, ಅದು ಮೆತ್ತಗಾಗಲು ಒಪ್ಪಲಿಲ್ಲ. ಒತ್ತಿದೆ, ತುಳಿದೆ, ಕುಟ್ಟಿದೆ. ಮದುಮಗಳ ಅಜ್ಜಿ ಕಿವಿ ಮುಚ್ಚಿಕೊಂಡು ಎದ್ದು ಹೋದರು.

ವಾಪಸು ಬರುವಾಗ ತಂಡದ ಯಜಮಾನ ಪ್ರಭಾಕರ ತನ್ನ ಹವ್ಯಕ ಮಾತಿನಲ್ಲಿ ಹೇಳಿದ: "ಸಿದ್ದಾಪುರದ ಕಾರ್ಯಕ್ರಮಕ್ಕೆ ಹದಿನೈದು ದಿನ ಇದ್ದು. ಅಷ್ಟ್ರಲ್ಲಿ ಇದು ಸರಿ ಆಗಲ್ಲೆ ಅಂದ್ರೆ ಆನು ಬೇರೆಯವ್ರನ್ನ ಕರೀತೆ."

ಮರುದಿನ ನಾಗೇಶಣ್ಣ ಡಬ್ಬಿ ಬಿಚ್ಚಿ, ಬೆರಳಲ್ಲೇ ತಡವಿ ನೋಡಿದ. ಕಣ್ಣಿಗೆ ಕಪ್ಪು ಕನ್ನಡಕ.

"ಸ್ವಿಚ್ಚು ಸವೆದು ಹೋಗಿದೆ ತಮಾ. ಹುಬ್ಬಳ್ಳಿಲಿ ಸಿಗ್ತದೆ, ತಗೊಂಡು ಬಾ. ಆದ್ರೆ ಹಾಕೂದು ನೀನೇ. ನಂಗೆ ಕಣ್ಣಿನ ಆಪರೇಶನ್ ಆಗಿದೆ, ಒಂದು ತಿಂಗಳು ಈ ಹೊಗೆ ಹತ್ರ ಹೋಗೂ ಹಾಂಗಿಲ್ಲ."

"ನಂಗೆ ಬರೂದಿಲ್ಲ ನಾಗೇಶಣ್ಣ."

"ಹುಟ್ಟುವಾಗ ಗಿಟಾರ್ ಬರ್ತಿತ್ತಾ?"

ಹೊಸ ಸ್ವಿಚ್ಚು ತಂದೆ. ಅದರ ಅಡಿಗೆ ಒಂಬತ್ತು ಪುಟ್ಟ ಕಾಲುಗಳು. ಯಾವ ತಂತಿ ಯಾವ ಕಾಲಿಗೆ ಎಂದು ನಾಗೇಶಣ್ಣ ಮೊದಲು ಕಾಗದದ ಮೇಲೆ ಬರೆಸಿದ. ಬೆಸುಗೆ ಹಿಡಿಯಲಿ ಎಂದು ನಾನು ಕಾದ ಬೆಸುಗೆ ಕಡ್ಡಿಯನ್ನು ಒತ್ತಿಹಿಡಿದೇ ಕೂತೆ. ಒಳಗಿನ ಪ್ಲಾಸ್ಟಿಕ್ ಕರಗಿ, ಹೊಸ ಸ್ವಿಚ್ಚು ಒಂದು ಸಲವೂ 'ಟಕ್' ಎನ್ನದೆ ಸತ್ತಿತು. ನಾನು ತಲೆ ಮೇಲೆ ಕೈಹೊತ್ತು ಕೂತರೆ ಅವನೆಂದ, "ಒಳ್ಳೇದೇ ಆಯ್ತು. ಕಲಿಯೂಕೆ ಒಂದು ಸಿಕ್ತು."

ನಾಲ್ಕು ದಿನ ಆ ಸತ್ತ ಸ್ವಿಚ್ಚಿಗೇ ಬೆಸುಗೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಎಡಗೈಯ ಬೆರಳೆರಡು ಸುಟ್ಟು, ಗಿಟಾರಿನ ತಂತಿ ಒತ್ತುವಾಗ ಜೀವ ಹೋಗುತ್ತಿತ್ತು. ಬಿಡಲಿಲ್ಲ. ನಾಗೇಶಣ್ಣ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಹೊಗೆಗೆ ಬೆನ್ನು ಮಾಡಿ, "ಒಂದು, ಎರಡು... ತೆಗಿ" ಎಂದು ಎಣಿಸುತ್ತಿದ್ದ. ಐದನೆಯ ದಿನ ಮತ್ತೆ ಹುಬ್ಬಳ್ಳಿ ಬಸ್ಸು ಹತ್ತಿದೆ. ಈ ಸಲ ಒಂಬತ್ತೂ ಕಾಲುಗಳು ಹಿಡಿದವು.

ಸಿದ್ದಾಪುರದಲ್ಲಿ ನೋಡಿದರೆ ಪ್ರಭಾಕರ ಬೇರೊಬ್ಬನನ್ನು ಕರೆಸಿಯೇ ಬಿಟ್ಟಿದ್ದ. ನಾನು ಪೆಡಲ್ ಹಿಡಿದು ಎದುರಿಗೇ ನಿಂತೆ. ಕೊನೆಗೆ, "ಒಂದು ಹಾಡು ನುಡ್ಸು, ನೋಡನ" ಎಂದ. ಆ ಜೋಗುಳದಂಥ ಹಾಡನ್ನೇ ಕೇಳಿ ಪಡೆದೆ. ಒತ್ತಿದೆ, ಗರ್ಜಿಸಿತು. ಮತ್ತೆ ಒತ್ತಿದೆ. ಗಿಟಾರ್ ಮೆತ್ತಗೆ ಹಾಡಿನೊಳಗೆ ಸೇರಿಕೊಂಡಿತು. ಸಭೆಯಲ್ಲಿ ಯಾರೂ ನನ್ನತ್ತ ತಿರುಗಿ ನೋಡಲಿಲ್ಲ. ಅಂದು ನನಗೆ ಬೇಕಾಗಿದ್ದುದೂ ಅದೇ. ಮುಂದಿನ ಹಾಡಿಗೆ ಪ್ರಭಾಕರ ನನ್ನನ್ನು ಇಳಿಯಲು ಹೇಳಲಿಲ್ಲ.

ನಾಗೇಶಣ್ಣ ಅಂಗಡಿ ಮುಚ್ಚಿ ಈಗ ನಿಲ್ಕುಂದದಲ್ಲಿ ಮಗಳ ಮನೆಯಲ್ಲಿದ್ದಾನೆ. ಏನಾದರೂ ಕೆಟ್ಟಾಗಷ್ಟೇ ನಾನು ಅವನ ಬಳಿ ಹೋದವನು ಎಂಬುದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಮಿಕ್ಸರನ್ನು ಪಕ್ಕಕ್ಕಿಟ್ಟು ಫೋನ್ ಮಾಡಿದೆ.

"ಎಂತ ಹಾಳಾಯ್ತು ಮಾರಾಯ?" ಎಂದ, ನನ್ನ ಹೆಸರು ಕೇಳಿದ್ದೇ ತಡ.

"ಎಂತದೂ ಹಾಳಾಗ್ಲಿಲ್ಲ ನಾಗೇಶಣ್ಣ. ಸುಮ್ನೆ ಮಾಡಿದೆ."

ಆಚೆ ಕುರ್ಚಿ ಎಳೆದ ಸದ್ದು ಕೇಳಿಸಿತು.

"ಹಂಗಾದ್ರೆ ಕೂತ್ಕಂಡು ಮಾತಾಡು."