ಬುಡ್ಡೇಸಾಬರ ಮಗಳು ಮತ್ತು ನೂರಾ ನಲವತ್ತು ಕಂಟೈನರ್

ಸಿಂಧನೂರಿನಲ್ಲಿ ಸುಟ್ಟ ಮೋಟಾರು ಹೊತ್ತು ತಂದವರನ್ನು ಜನ ಬುಡ್ಡೇಸಾಬರ ವೈಂಡಿಂಗ್ ಅಂಗಡಿಗೇ ಕಳಿಸುತ್ತಾರೆ. ಬೈಸಿಕೊಳ್ಳಲು ತಯಾರಾಗಿ ಹೋಗಿ ಎಂಬ ಮಾತನ್ನೂ ಜೊತೆಗೆ ಹೇಳಿ ಕಳಿಸುತ್ತಾರೆ. ಅಂಗಡಿಯ ಮೇಲಿನ ಕೋಣೆಯಲ್ಲಿ ಅವರ ಮಗಳು ಅರ್ಜುಮಂದ್ ಕೂತಿರುತ್ತಾಳೆ. ಇಪ್ಪತ್ತೊಂಬತ್ತು ವಯಸ್ಸು, ಎದುರಿಗೆ ಎರಡು ಪರದೆ, ಕಾಲ ಬಳಿ ಇನ್ವರ್ಟರ್, ಮೂಗಿನ ತುದಿಯಲ್ಲಿ ಅಪ್ಪನದೇ ಸಿಟ್ಟು.

ಅವಳ ಕೆಲಸ ಏನೆಂದು ಓಣಿಯವರು ಕೇಳಿ ಕೇಳಿ ಸುಸ್ತಾಗಿದ್ದಾರೆ. ನೀವಾದರೂ ಕೇಳಿ. ಹನ್ನೆರಡು ಊರುಗಳಲ್ಲಿ ಶಾಖೆಯಿರುವ ಒಂದು ಆಸ್ಪತ್ರೆಯ ಟೋಕನ್, ರಕ್ತಪರೀಕ್ಷೆಯ ವರದಿ, ಔಷಧದ ಚೀಟಿ ಎಲ್ಲವೂ ಎಲ್ಲೋ ದೂರದ ದೊಡ್ಡ ಕಂಪ್ಯೂಟರುಗಳಲ್ಲಿ ನಡೆಯುತ್ತವೆ. ಒಂದೇ ಕಂಪ್ಯೂಟರನ್ನು ಹತ್ತು ಕಂಪ್ಯೂಟರು ಇದ್ದಂತೆ ಪಾಲು ಮಾಡಿ ನಡೆಸುತ್ತಾರೆ; ಆ ಪಾಲುಗಳೇ ವರ್ಚುವಲ್ ಮಷಿನ್‌ಗಳು. ಅವುಗಳೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಕಂಟೈನರ್. ಇಂಥವು ನೂರಾ ನಲವತ್ತು. ಎಲ್ಲವೂ ಮಾಹಿತಿಗೆ ಕೈಚಾಚುವುದು ಒಂದೇ ಡೇಟಾಬೇಸಿಗೆ. ಈ ಇಡೀ ಸಂಸಾರಕ್ಕೆ ಕ್ಲಸ್ಟರ್ ಎನ್ನುತ್ತಾರೆ, ಅದನ್ನು ಸಂಭಾಳಿಸುವವಳು ಅರ್ಜುಮಂದ್.

ಈ ಸಂಸಾರ ಎರಡು ಸಲ ಕುಸಿದು ಬಿದ್ದಿತ್ತು. ರಿಪೇರಿಗೆಂದು ಭಾನುವಾರ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಎಲ್ಲ ಒಂದು ಗಳಿಗೆ ಏಳುವುದು, ದಬ್ಬನೆ ಬೀಳುವುದು, ಮತ್ತೆ ಏಳುವುದು, ಬೀಳುವುದು. ಮೂರು ತಾಸು ಇದೇ ಹಾಡು. ಡೇಟಾಬೇಸಿನ ಮಷಿನ್ ಸಣ್ಣದಾಯಿತು ಎಂದು ಅರ್ಜುಮಂದ್ ಮೊದಲ ಸಲ ಖಡಾಖಂಡಿತ ಹೇಳಿದ್ದಳು. ದೊಡ್ಡದು ಕೊಟ್ಟರು. ಅದೂ ಬಿತ್ತು!

ಅವಳ ಮೇಲಧಿಕಾರಿ ಉಮಾದೇವಿ ಲಿಂಗಸುಗೂರಿನವರು. ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ. ಸೋಮವಾರ ಫೋನ್ ಮಾಡಿದರು.

"ನೋಡು ಅರ್ಜುಮಂದ್, ಈ ಐತವಾರ ಮತ್ತ ರಿಪೇರಿ ಐತಿ. ಮೂರನೇ ಸಲ ಬಿತ್ತಂದ್ರ ಕ್ಲಸ್ಟರ್ ನಿನ್ನ ಕೈಯಾಗ ಇರಂಗಿಲ್ಲ. ಊರಾಗ ಕುಂತು ಕೆಲಸ ಮಾಡೋರಿಗೆ ಕೊಟ್ರ ಹಿಂಗ ಆಗೋದು ಅಂತ ಆಸ್ಪತ್ರಿಯವ್ರು ಬಾಯಿಗೆ ಬಂದಂಗ ಅನ್ನಾಕತ್ತಾರ."

"ಬೀಳಂಗಿಲ್ಲ ರೀ ಮೇಡಂ."

"ಅದ್ಹೆಂಗ ಹೇಳ್ತಿ?"

"ಹೆಂಗ ಅಂತ ಇನ್ನಾ ಗೊತ್ತಿಲ್ರಿ. ಆದ್ರ ಬೀಳಂಗಿಲ್ಲ."

ಇಂಥ ಮೊಂಡಿ. ನಾಲ್ಕು ದಿನ ಅನ್ನ ನೀರು ಮರೆತು ಹುಡುಕಿದಳು, ಏನೂ ಸಿಗಲಿಲ್ಲ. ಊರಾಗ ಕುಂತು ಎಂಬ ಮಾತು ಮಾತ್ರ ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಶುಕ್ರವಾರ ಬೆಳಿಗ್ಗೆ ಅಪ್ಪನಿಗೆ ಚಹಾ ಹಿಡಿದು ಮೆಟ್ಟಿಲಿಳಿಯುವಾಗ ಕೆಳಗೆ ಜಗಳ ನಡೆದಿತ್ತು. ತುರ್ವಿಹಾಳದ ರೈತ ಯಂಕೋಬ ಒಂದೇ ಮೋಟಾರನ್ನು ಮೂರನೇ ಸಲ ಸುಟ್ಟುಕೊಂಡು ಬಂದಿದ್ದ.

"ಆಟೋ ಸ್ಟಾರ್ಟರ್ ಕಿತ್ತಿಲ್ಲ, ಹೌದಿಲ್ಲೋ?" ಬುಡ್ಡೇಸಾಬ್ ಗುಡುಗಿದರು.

"ಕಾಕಾ, ಕರೆಂಟ್ ಬಂದಾಗೆಲ್ಲ ನಾ ಹೊಲಕ್ಕ ಓಡಬೇಕೇನು? ಆಟೋ ಇದ್ರ ತಾನ ಚಾಲೂ ಆಗ್ತೈತಿ."

"ನಿಂದೊಂದ ಆದ್ರ ಚೊಲೋ ಇತ್ತು. ಹಳ್ಳದ ದಂಡಿಗಿರೋ ಮೂವತ್ತೂ ಅದ ಗಳಿಗಿಗೆ ಚಾಲೂ ಆಗ್ತಾವ. ಚಾಲೂ ಆಗೋ ಮುಂದ ಒಂದೊಂದು ಮೋಟಾರ್ ಐದಾರು ಪಟ್ಟು ಕರೆಂಟ್ ಎಳೀತೈತಿ. ಇರೋದೊಂದು ಟ್ರಾನ್ಸ್‌ಫಾರ್ಮರ್, ಆ ಟೀಸಿ ಪಾಪ ಎಷ್ಟಂತ ಕೊಡಬೇಕು? ವೋಲ್ಟೇಜ್ ಬಿದ್ದು ಮೋಟಾರ್ ಸುಡ್ತಾವ. ದೊಡ್ಡ ಟೀಸಿ ಹಾಕಿಸಿದ್ರಿ, ಅದೂ ಹೋತು. ಒಂದಾದ ಮ್ಯಾಲ ಒಂದು ಎಬ್ಬಿಸ್ರಲೇ ಅಂದ್ರ ಒಬ್ಬನಿಗೂ ತಾಳ್ಮಿ ಇಲ್ಲ!"

ಅರ್ಜುಮಂದ್ ನಡು ಮೆಟ್ಟಿಲಲ್ಲೇ ನಿಂತುಬಿಟ್ಟಳು. ಯಾ ಅಲ್ಲಾ! ನಿಲ್ಲಿಸಿದ ಕಂಟೈನರುಗಳು ತಾವಾಗಿ, ಒಟ್ಟಿಗೇ ಏಳುವಂತೆ ಎರಡು ವರ್ಷದ ಹಿಂದೆ ಪ್ರೋಗ್ರಾಂ ಬರೆದವಳು ಅವಳೇ. ಅದನ್ನು ಬರೆದು ಬೀಗಿದ್ದಳು ಕೂಡ. ನೂರಾ ನಲವತ್ತೂ ಒಂದೇ ಕ್ಷಣದಲ್ಲಿ ಡೇಟಾಬೇಸಿನ ಮೇಲೆ ಬಿದ್ದರೆ ಅದು ಕುಸಿಯದೆ ಏನು ಮಾಡೀತು? ಚಹಾವನ್ನು ಯಂಕೋಬನ ಕೈಗೆ ಕೊಟ್ಟು ಮೇಲಕ್ಕೆ ಓಡಿದಳು.

"ಮೇಡಂ, ತಪ್ಪು ನಂದ ಐತ್ರಿ," ಎಂದು ಫೋನಿನಲ್ಲಿ ಎಲ್ಲವನ್ನೂ ಹೇಳಿದಳು.

ಉಮಾದೇವಿ ಕೇಳಿದರು: "ಇದನ್ನ ಆಸ್ಪತ್ರಿಯವ್ರಿಗೆ ಹೇಳ್ಲೇನು?"

"ಹೇಳ್ರಿ. ಆದ್ರ ಐತವಾರ ಎಬ್ಬಿಸಾಕಿ ನಾನ."

ಎರಡು ದಿನ ಕೂತು ಕಂಟೈನರುಗಳನ್ನು ಏಳು ಗುಂಪು ಮಾಡಿದಳು; ಶಾಖೆಗಳ ಕಣ್ಣಿಗೆ ಕಾಣುವಂಥವು ಕೊನೆಗೆ. ಒಂದು ಗುಂಪು ನೆಟ್ಟಗೆ ನಿಲ್ಲುವವರೆಗೆ ಮುಂದಿನದನ್ನು ಮುಟ್ಟುವಂತಿಲ್ಲ. ಕೆಳಗೆ ಅಂಗಡಿಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಬುಡ್ಡೇಸಾಬ್ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಐದು ನಿಮಿಷ ಯಾರಿಗೂ ಸ್ವಿಚ್ ಮುಟ್ಟಗೊಡುತ್ತಿರಲಿಲ್ಲ. ಭಾನುವಾರ ಆ ಗಡಿಯಾರವನ್ನು ಕೇಳದೆಯೇ ಎತ್ತಿಕೊಂಡು ಬಂದಳು.

ಮಧ್ಯಾಹ್ನ ಮೂರಕ್ಕೆ ಶುರು. ಪರದೆಯ ಮೇಲೆ ಉಮಾದೇವಿ ಇದ್ದರು, ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನೂ ಇದ್ದ. ಹದಿನೈದು ನಿಮಿಷವಾದರೂ ಶಾಖೆಗಳಲ್ಲಿ ಏನೂ ಕಾಣಿಸದಿದ್ದಾಗ ಅವನು ರೇಗಿದ.

"ಏನ್ರೀ ಇದು! ತುರ್ತು ವಿಭಾಗದಲ್ಲಿ ಜನ ವರದಿಗೆ ಕಾಯ್ತಿದ್ದಾರೆ. ಎಲ್ಲಾ ಒಟ್ಟಿಗೆ ಶುರು ಮಾಡಿ."

ಆ ಮಾತು ನಾಟಿತು. ಒಂದು ಕೀಲಿ ಒತ್ತಿದರೆ ಎಲ್ಲವೂ ಎದ್ದಾವು. ಉಮಾದೇವಿಯೂ ಮೆಲ್ಲಗೆ, "ಅರ್ಜುಮಂದ್, ಜಲ್ದಿ ಮಾಡವಾ," ಎಂದರು. ನಾಲ್ಕನೇ ಗುಂಪಿನ ಹೊತ್ತಿಗೆ ಪರದೆಯಲ್ಲಿ ಡೇಟಾಬೇಸಿನ ಹೊರೆ ತೋರಿಸುವ ಗೆರೆ ಸರ್ರನೆ ಮೇಲೇರುತ್ತಿತ್ತು. ಕೈ ಎಲ್ಲಿ ಮಾತು ಕೇಳುವುದಿಲ್ಲವೋ ಎಂಬ ಹೆದರಿಕೆಯಿಂದ ಅರ್ಜುಮಂದ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತಳು.

"ಅವ್ರು ಮೂರು ತಾಸು ಕಾಯಬಾರದು ಅಂತನ ಈ ಅರ್ಧ ತಾಸು ರೀ ಸರ್. ನಾ ಒತ್ತಂಗಿಲ್ಲ."

ಗಡಿಯಾರದ ಮುಳ್ಳು ಐದು ನಿಮಿಷ ಸರಿಯಿತು. ಗೆರೆ ಇಳಿಯಿತು. ಐದನೇ ಗುಂಪು ಎದ್ದಿತು, ಆರನೆಯದೂ ಎದ್ದಿತು. ಮೂರು ಮೂವತ್ತೇಳಕ್ಕೆ ನೂರಾ ನಲವತ್ತೂ ಹಸಿರಾದವು. ಮುಖ್ಯಸ್ಥ ಗಂಟಲು ಸರಿಮಾಡಿಕೊಂಡು, "ಮುಂದಿನ ಸಲವೂ ನೀವೇ ಮಾಡಿ," ಎಂದ. ಅರ್ಜುಮಂದ್‌ಗೆ ಅಳು ತಡೆಯಲಾಗಲಿಲ್ಲ.

"ನನ್ನ ಗಡಿಯಾರ ಎಲ್ಲೈತಿ ಬೇ? ಕೆಳಗ ಯಂಕೋಬ ಮೋಟಾರ್ ಒಯ್ಯಾಕ ಬಂದಾನ," ಎನ್ನುತ್ತಾ ಬುಡ್ಡೇಸಾಬ್ ಒಳಗೆ ಬಂದವರು ಮಗಳ ಮುಖ ನೋಡಿ ಗಾಬರಿಯಾದರು. "ಯಾಕ? ಸುಡ್ತೇನು?"

"ಇಲ್ಲ ಅಬ್ಬಾ. ಒಂದೂ ಸುಡಲಿಲ್ಲ."

"ಎಷ್ಟಿದ್ವು?"

"ನೂರಾ ನಲವತ್ತು."

"ಒಂದ ಟೀಸಿ ಮ್ಯಾಲ?"

"ಹೂಂ ಅಬ್ಬಾ. ಒಂದ ಮ್ಯಾಲ."

ಮಗಳ ಕೆಲಸ ಏನೆಂದು ಬುಡ್ಡೇಸಾಬರಿಗೆ ಅಂದು ಮೊದಲ ಸಲ ತಿಳಿಯಿತು. ಗಡಿಯಾರ ಮುಟ್ಟಲಿಲ್ಲ. ಮೆಟ್ಟಿಲ ಹತ್ತಿರ ಹೋಗಿ ಇಡೀ ಓಣಿಗೆ ಕೇಳುವಂತೆ ಕೂಗಿದರು:

"ಏ ಯಂಕೋಬಾ! ನನ್ನ ಮಗಳು ಒಂದ ಟೀಸಿ ಮ್ಯಾಲ ನೂರಾ ನಲವತ್ತು ಎಬ್ಬಿಸ್ಯಾಳ. ನಿಮಗ ಮೂವತ್ತು ಆಗಂಗಿಲ್ಲೇನಲೇ?"