ಒರೆಸಿ ಹಾಕಿದ ಗಾಜು

ಗೌರವ್ವನವರೇ, ನನ್ನ ರಕ್ತ ನಿಮ್ಮ ಯಜಮಾನರ ರಕ್ತಕ್ಕೆ ಹೊಂದಿತ್ತು. ಹೊಂದಲಿಲ್ಲ ಎಂದು ಆ ಸಂಜೆ ನಾನು ಹೇಳಿದ್ದು ಸುಳ್ಳು.

ಈ ಎರಡು ವಾಕ್ಯ ಬರೆಯಲು ನನಗೆ ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿದವು. ನಡುವೆ ಎಷ್ಟೋ ಸಲ ಬರೆಯಲು ಕೂತು, ಹವೆ, ಊಟ, ಕಾಲೇಜಿನ ಸುದ್ದಿ ಬರೆದು ಎದ್ದಿದ್ದೇನೆ. ದಿನಚರಿ ಬರೆಯುವ ಚಟ ನನ್ನದು. ಆ ದಿನವನ್ನು ಮಾತ್ರ ಬರೆಯಲೇ ಇಲ್ಲ. ಹಾಗಾಗಿ ಈಗ ನೆನಪನ್ನೇ ನಂಬಬೇಕು, ಆ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲ. ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನವಿದೆ ಎಂದೇ ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಶಿರಸಿಗೆ ಕಾಲೇಜು ಬಂದು ಹೆಚ್ಚು ದಿನವಾಗಿರಲಿಲ್ಲ. ಧಾರವಾಡದಲ್ಲಿ ಓದು ಮುಗಿಸಿ ಬಂದ ನಾನು ಅಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ನನ್ನ ತಾಯಿಯನ್ನು, ನಾವು ಕರೆಯುವಂತೆ ಆಯಿಯನ್ನು, ನಮ್ಮೂರು ಹೆಗ್ಗರಣೆಯಿಂದ ಕರೆತಂದು ಪೇಟೆಯಲ್ಲೊಂದು ಬಾಡಿಗೆ ಮನೆ ಹಿಡಿದಿದ್ದೆ. ಮರುದಿನ ಅಪ್ಪನ ತಿಥಿ. ಶ್ರಾದ್ಧ ಮಾಡುವವನು ಹಿಂದಿನ ದಿನ ಒಂದೇ ಹೊತ್ತು ಉಂಡು ಶುದ್ಧದಲ್ಲಿರಬೇಕು. ಬೆಳಿಗ್ಗೆ ಹೊರಡುವಾಗ ಆಯಿ ಬಾಗಿಲಿಗೆ ಬಂದಳು.

“ತಮಾ, ಇವತ್ತು ಒಪ್ಪತ್ತು, ನೆನಪಿದ್ದಲ? ಆ ಕಾಲೇಜಲ್ಲಿ ಕಪ್ಪೆ ಗಿಪ್ಪೆ ಮುಟ್‌ಕ್ಯಂಡು ಬರಡ.”

“ಇಲ್ಲೆ ಆಯಿ. ಇವತ್ತು ಬರೀ ನೀರುಳ್ಳಿ.”

“ಅದಂತೂ ಇನ್ನೂ ಚೊಲೋ ಆತು! ತಿಥಿ ಹಿಂದಿನ ದಿನ ನೀರುಳ್ಳಿಯಾ?”

“ತಿಂಬದಲ್ಲ, ನೋಡದು.”

“ನೋಡದಾದ್ರೂ ಅಷ್ಟೇಯ. ಬಂದವ ಮಿಂದೇ ಒಳಗೆ ಬಾ.”

ನಗುತ್ತ ಹೋದೆ. ಆ ದಿನದ ಪಾಠ ಜೀವಕೋಶ. ಮಕ್ಕಳು ನೀರುಳ್ಳಿಯ ಒಳಸಿಪ್ಪೆ ಸುಲಿದು, ಗಾಜಿನ ಮೇಲಿಟ್ಟು, ಒಬ್ಬೊಬ್ಬರಾಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಇಟ್ಟಿಗೆಯಂತೆ ಒಂದಕ್ಕೊಂದು ಒತ್ತಿಕೊಂಡ ಕೋಶಗಳು, ಒಳಗೆ ಒಂದೊಂದು ಕಪ್ಪು ಚುಕ್ಕೆ. ಪ್ರತಿ ಕೋಶಕ್ಕೂ ಸುತ್ತ ಒಂದು ಪೊರೆ ಇದೆ, ಒಳಗೆ ಏನು ಬರಬೇಕು, ಏನು ಹೊರಗುಳಿಯಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ ಎಂದೆಲ್ಲ ಹೇಳುತ್ತಿದ್ದೆ. ಆಗ ಆಸ್ಪತ್ರೆಯ ಜವಾನ ಬಾಗಿಲಲ್ಲಿ ಬಂದು ನಿಂತ. ಸೂಕ್ಷ್ಮದರ್ಶಕ ಬೇಕಂತೆ, ಅದನ್ನು ನೋಡಬಲ್ಲವರೂ ಬೇಕಂತೆ.

ಆಸ್ಪತ್ರೆಯ ಸೂಕ್ಷ್ಮದರ್ಶಕದ ಗಾಜಿಗೆ ಹಿಂದಿನ ಮಳೆಗಾಲದಲ್ಲಿ ಬೂಷ್ಟು ಹಿಡಿದು ಅದು ಕುರುಡಾಗಿತ್ತು. ನಮ್ಮದನ್ನು ಪೆಟ್ಟಿಗೆಯಲ್ಲಿಟ್ಟು ಎದೆಗವಚಿಕೊಂಡು ಹೋದೆ.

ಮುಂದಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ನನಗೆ ಕಂಡದ್ದನ್ನು ಹೇಳುತ್ತೇನೆ. ಬನವಾಸಿಯಿಂದ ಅಕ್ಕಿ ಚೀಲ ಹೇರಿಕೊಂಡು ಬರುತ್ತಿದ್ದ ಗಾಡಿ ಮಗುಚಿ, ಅದರ ಗೂಟ ಚನ್ನಬಸಪ್ಪನವರ ತೊಡೆಗೆ ಹೊಕ್ಕಿತ್ತು. ಅವರು ಬಿಳಿಚಿ ಹೋಗಿದ್ದರು, ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಎರಡೂ ಕೈಯಿಂದ ಗಾಯವನ್ನು ಒತ್ತಿ ಹಿಡಿದಿದ್ದರು. ಕೈ ತೆಗೆದರೆ ಹರಿಯುತ್ತಿತ್ತು. ತುಂಬು ಬಸುರಿಯಾದ ನೀವು ಗೋಡೆಗೆ ಒರಗಿಕೊಂಡು ನಿಂತಿದ್ದಿರಿ. ನೀವು ಹಸಿರು ಸೀರೆ ಉಟ್ಟಿದ್ದಿರಿ ಎಂದು ನನ್ನ ನೆನಪು. ಹಸಿರು ಹೌದೋ ಅಲ್ಲವೋ.

“ರಕ್ತ ಕೊಡ್ಲೇಬೇಕು ಹೆಗಡೇರೇ,” ಎಂದರು ಡಾಕ್ಟರು. “ಒಂದು ಬಾಟಲಿ ಸಿಕ್ಕಿದ್ರೂ ಹುಬ್ಬಳ್ಳಿ ಮುಟ್ಟುವಷ್ಟು ಜೀವ ಉಳೀತದೆ. ಗುಂಪು ನೋಡುವ ಔಷಧ ಮುಗಿದಿದೆ. ಹೊಂದ್ತದೋ ಇಲ್ವೋ ನೀವೇ ನೋಡಿ ಹೇಳ್ಬೇಕು.”

ಮಾಡುವ ಕ್ರಮ ಸರಳ. ರೋಗಿಯ ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲ್ಗಡೆ ತಿಳಿ ನೀರು ನಿಲ್ಲುತ್ತದೆ. ಅದರ ಒಂದು ಹನಿಗೆ ಕೊಡುವವರ ರಕ್ತ ಸ್ವಲ್ಪ ಬೆರೆಸಿ, ಗಾಜಿನ ಮೇಲೆ ಹರಡಿ, ಕಾದು ನೋಡಬೇಕು. ಕೆಂಪು ಕಣಗಳು ಬಿಡಿಬಿಡಿಯಾಗಿ ಉಳಿದರೆ ಹೊಂದಿತು. ಮುದ್ದೆಗಟ್ಟಿದರೆ ಇಲ್ಲ. ಅಂಥ ರಕ್ತ ಒಳಗೆ ಹೋದರೆ ಅದೇ ಕೊಲ್ಲುತ್ತದೆ.

ಆ ದಿನ ಕರೆಂಟು ಇರಲಿಲ್ಲ. ಇದ್ದರೂ ನಮ್ಮ ಸೂಕ್ಷ್ಮದರ್ಶಕಕ್ಕೆ ಬೇಕಾದ್ದು ಬಿಸಿಲು. ಅದರ ಕೆಳಗಿನ ಪುಟ್ಟ ಕನ್ನಡಿ ಬೆಳಕನ್ನು ಮೇಲಕ್ಕೆ ತಿರುಗಿಸಬೇಕು. ಪಡುವಣ ಕಿಟಕಿಯ ಕಟ್ಟೆಯ ಮೇಲೆ ಅದನ್ನಿಟ್ಟೆ. ಸೂರ್ಯ ಎದುರಿನ ಹೆಂಚಿನ ಮಾಡಿನ ಮೇಲೆ ಬಂದಿದ್ದ. ನನಗಿದ್ದ ಹೊತ್ತು ಅಷ್ಟೇ.

ನಿಮ್ಮ ಭಾವ ಈರಪ್ಪನವರು ಅಂಗಿ ತೋಳು ಮಡಚಿಕೊಂಡೇ ನಿಂತಿದ್ದರು. “ನಂದ ತಗೋರಿ ಸಾಹೇಬ್ರ. ಎಷ್ಟ ಬೇಕೋ ಅಷ್ಟ ತಗೋರಿ. ನಾ ಅವಗ ಅಣ್ಣ.”

ಅವರದನ್ನು ನೋಡಿದೆ. ಒದ್ದೆ ಕೈ ತಾಗಿದ ಕುಂಕುಮದ ಹಾಗೆ ಮುದ್ದೆ ಮುದ್ದೆ.

“ಹೊಂದಲಿಲ್ಲ.”

“ಹ್ಯಾಂಗ ಹೊಂದೂದಿಲ್ಲ? ಒಂದ ತಾಯಿ ಹೊಟ್ಟ್ಯಾಗ ಹುಟ್ಟೇವಿ! ಇನ್ನೊಂದ ಸಲ ನೋಡ್ರಿ!”

ನೋಡಿದೆ. ಅದೇ ಮುದ್ದೆ. ಅವರು ಸೋತವರಂತೆ ತೋಳು ಇಳಿಸಿಕೊಂಡರು, ತಮ್ಮನಿಗೆ ತಾವೇ ಮೋಸ ಮಾಡಿದ ಹಾಗೆ. ಆ ಮುಖ ನನಗೆ ಸರಿಯಾಗಿ ನೆನಪಿದೆ, ಅದರಲ್ಲಿ ಅನುಮಾನವಿಲ್ಲ. ಗಾಡಿ ಹೊಡೆಯುತ್ತಿದ್ದವನದೂ ಹೊಂದಲಿಲ್ಲ. ಡಾಕ್ಟರಿಗೆ ಆಗಷ್ಟೇ ಕಾಮಾಲೆ ಬಂದು ಹೋಗಿತ್ತು, ಅವರು ಕೊಡುವಂತಿರಲಿಲ್ಲ. ಕಂಪೌಂಡರು ಯಾವುದೋ ಔಷಧ ತರುವ ನೆಪದಲ್ಲಿ ಹೋದವರು ತಿರುಗಿ ಬರಲಿಲ್ಲ. ನೀವು ಮುಂದೆ ಬಂದಿರಿ. ಡಾಕ್ಟರು ಗದರಿಸಿ ಹಿಂದೆ ಕಳಿಸಿದರು.

ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಯಾರೂ ಕೇಳಲಿಲ್ಲ. ಬಹುಶಃ ಡಾಕ್ಟರು ಕೇಳಿರಬಹುದು.

ನಾನು ಬೆರಳು ಚುಚ್ಚಿಕೊಂಡೆ. ಇದನ್ನೇ ನೀವು ಇಷ್ಟು ವರ್ಷ ಜನರ ಮುಂದೆ ಹೇಳುತ್ತ ಬಂದಿದ್ದೀರಿ. ಆದರೆ ಚುಚ್ಚಿಕೊಳ್ಳುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಕೇಳಿ — ಇಬ್ಬರದು ಮುದ್ದೆಗಟ್ಟಿದೆ, ನನ್ನದೂ ಮುದ್ದೆಗಟ್ಟುತ್ತದೆ, ಬೆರಳು ಚುಚ್ಚಿಕೊಂಡ ಮರ್ಯಾದೆಯೂ ಉಳಿಯುತ್ತದೆ ಎಂದುಕೊಂಡಿದ್ದೆ. ಮುದ್ದೆಗಟ್ಟಲಿ ಎಂದು ಬಯಸುತ್ತಲೇ ಕಣ್ಣಿಟ್ಟೆ.

ಮುದ್ದೆಗಟ್ಟಿರಲಿಲ್ಲ.

ಒಂದೊಂದು ಕಣವೂ ಬೇರೆ ಬೇರೆ. ತೆಳು ಕೆಂಪಿನ ದುಂಡು ಬಿಲ್ಲೆಗಳು, ನಡುವೆ ತುಸು ತಗ್ಗು, ಚನ್ನಬಸಪ್ಪನವರ ಆ ತಿಳಿ ನೀರಿನಲ್ಲಿ ನಿಧಾನವಾಗಿ ಜಾರುತ್ತಿದ್ದವು — ತಮ್ಮ ಮನೆಯಲ್ಲೇ ಇದ್ದ ಹಾಗೆ. ಗಾಜನ್ನು ಆಚೀಚೆ ಸರಿಸಿದೆ. ಎಲ್ಲೆಲ್ಲೂ ಹಾಗೆಯೇ. ಬೆಳಕು ಇನ್ನೂ ಚೆನ್ನಾಗಿತ್ತು.

ಆ ಕೋಣೆಯಲ್ಲಿ ಅದನ್ನು ನೋಡುವ ಕಣ್ಣು ನನ್ನದೊಂದೇ. ಡಾಕ್ಟರ ಕೈ ಗಾಯದ ಮೇಲಿತ್ತು. ಅವರು ಎದ್ದು ಬರುವಂತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಇಲ್ಲಿ ಬರೆದಿಡಬೇಕು.

“ಮಾಸ್ತರ್ರ,” ಎಂದಿರಿ ನೀವು. “ನಿಮ್ಮದು ಕೂಡತೇನ್ರಿ?”

“ಇಲ್ಲ. ಹೊಂದಲಿಲ್ಲ.”

ಗಾಜನ್ನು ಹತ್ತಿಯಿಂದ ಒರೆಸಿ ಹಾಕಿದೆ. ಮೊದಲು ಒರೆಸಿದೆನೋ, ಮೊದಲು ಹೇಳಿದೆನೋ — ಈ ಕ್ರಮ ನನಗೆ ಎಷ್ಟು ಯೋಚಿಸಿದರೂ ಸಿಕ್ಕಿಲ್ಲ. ಮೊದಲು ಒರೆಸಿದ್ದರೆ ಅದು ಯೋಚಿಸಿ ಮಾಡಿದ್ದು. ಮೊದಲು ಹೇಳಿದ್ದರೆ ಬಾಯಿ ತಪ್ಪಿ ಬಂದದ್ದನ್ನು ಆಮೇಲೆ ಮುಚ್ಚಿದ್ದು. ಹೀಗೆ ನನಗೆ ನಾನೇ ವಕೀಲನಾಗಿ ಎಷ್ಟೋ ವರ್ಷ ಕಳೆದೆ. ಎರಡರಲ್ಲಿ ಯಾವುದಾದರೂ ನಿಮಗೇನು?

ನೀವು ಅಂದದ್ದು ಇಷ್ಟು: “ಹೋಗ್ಲಿ ಬಿಡ್ರಿ. ನಮ್ಮ ಸಲುವಾಗಿ ಬೆರಳ ಚುಚ್ಚಿಕೊಂಡ್ರಲ್ಲ. ಅಷ್ಟರ ಯಾರ ಮಾಡ್ತಾರ?”

ಕಾಲೇಜಿನ ಹುಡುಗರನ್ನು ಕರೆತರಲು ನಾನು ಓಡಿದೆ. ನಿಜವಾಗಿಯೂ ಓಡಿದೆ, ಚಪ್ಪಲಿ ಎಲ್ಲೋ ಬಿಟ್ಟು. ಆ ಓಟವನ್ನೂ ಜನ ನೆನಪಿಟ್ಟುಕೊಂಡರು. ನಾಲ್ಕು ಮಂದಿಯನ್ನು ಕರೆದುಕೊಂಡು ಬರುವಾಗ ಸೂರ್ಯ ಹೆಂಚಿನ ಹಿಂದೆ ಹೋಗಿದ್ದ. ಕನ್ನಡಿಯನ್ನು ಯಾವ ಕಡೆ ತಿರುಗಿಸಿದರೂ ಬೂದು. ಟಾರ್ಚು ಹಿಡಿದು ನೋಡಿದೆವು, ಕಂಡದ್ದು ಬರೀ ನೆರಳು. ನೋಡದೆ ಕೊಡಲು ಡಾಕ್ಟರು ಒಪ್ಪಲಿಲ್ಲ. ಸಿಕ್ಕಿದ ಲಾರಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಹುಬ್ಬಳ್ಳಿಗೆ ಕಳಿಸಿದರು.

ನಾನು ಮನೆಗೆ ಬಂದು ಮಿಂದೆ. ಆಯಿ ನೀರು ಹೊಯ್ದಳು. ಮರುದಿನ ಅಪ್ಪನಿಗೆ ಪಿಂಡ ಇಟ್ಟೆ. ಬೆರಳಿನ ತುದಿಯ ಚುಚ್ಚು ಎಳ್ಳುನೀರು ಬಿಡುವಾಗ ತುಸು ಉರಿಯಿತು.

“ಅಪ್ಪಂಗೆ ತೃಪ್ತಿ ಆತು ತಮಾ,” ಎಂದಳು ಆಯಿ. “ಎಷ್ಟು ಶುದ್ಧದಲ್ಲಿ ಮಾಡ್ದೆ.”

ಚನ್ನಬಸಪ್ಪನವರು ಹುಬ್ಬಳ್ಳಿ ದಾರಿಯಲ್ಲಿ, ಮುಂಡಗೋಡ ಮುಟ್ಟುವ ಮೊದಲೇ ತೀರಿಹೋದರು ಎಂಬ ಸುದ್ದಿ ಆ ಸಂಜೆ ಬಂತು.

ಹೊಂದಲಿಲ್ಲ ಎಂದು ಏಕೆ ಹೇಳಿದೆ? ತಿಥಿ ಎಂದು ಬಹಳ ಕಾಲ ಹೇಳಿಕೊಂಡೆ. ಒಪ್ಪತ್ತಿನಲ್ಲಿದ್ದವನು ಮೈಯ ರಕ್ತ ತೆಗೆಸಿಕೊಳ್ಳಬಾರದು ಎಂದು ಯಾರೂ ನನಗೆ ಹೇಳಿರಲಿಲ್ಲ. ಆ ನಿಯಮವನ್ನು ಆ ಕ್ಷಣಕ್ಕೆ ನಾನೇ ಮಾಡಿಕೊಂಡೆ. ಹೆದರಿಕೆ ಇತ್ತು. ಬಾಟಲಿ ತುಂಬ ರಕ್ತ ಕೊಟ್ಟವನು ಮತ್ತೆ ಮೊದಲಿನಂತಾಗುವುದಿಲ್ಲ ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರು. ಅದು ಸುಳ್ಳೆಂದು ಪಾಠ ಮಾಡುವ ನಾನೇ ಅದಕ್ಕೆ ಹೆದರಿದೆ. ಮತ್ತೊಂದು ಇದೆ, ಬರೆಯಲು ಕೈ ತಡೆಯುತ್ತದೆ — ನನ್ನ ಮೈಯದು ನಿಮ್ಮವರ ಮೈಯಲ್ಲಿ ಹರಿಯುವುದು... ಆಯಿಗೆ ಗೊತ್ತಾದರೆ, ನಮ್ಮ ಜನಕ್ಕೆ ಗೊತ್ತಾದರೆ... ಓದಿದವನು ಹೀಗೆ ಯೋಚಿಸಿದೆನೇ? ಯೋಚಿಸಿದೆ.

ಮುಂದಿನ ವಾರ ಅದೇ ಪಾಠ ಮುಂದುವರಿಸಬೇಕಿತ್ತು. ಉಳಿದ ಕೋಶಗಳಿಗೆ ಕೇಂದ್ರವಿದೆ, ಕೆಂಪು ಕಣ ಮಾತ್ರ ಬೆಳೆಯುತ್ತ ತನ್ನ ಕೇಂದ್ರವನ್ನೇ ಹೊರಹಾಕುತ್ತದೆ, ಪ್ರಾಣವಾಯು ಹೊರಲು ಒಳಗೆ ಜಾಗವಾಗಲಿ ಎಂದು. ಅಷ್ಟು ಹೇಳಿ, ಅದು ಬದುಕುವುದು ಸುಮಾರು ನಾಲ್ಕು ತಿಂಗಳು, ಆಮೇಲೆ ಸಾಯುತ್ತದೆ, ಎಲುಬಿನ ಮಜ್ಜೆ ಹೊಸದನ್ನು ಹುಟ್ಟಿಸುತ್ತದೆ ಎನ್ನುತ್ತ ಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದವನು ನಿಂತುಬಿಟ್ಟೆ.

“ಸರ್, ಮುಂದೆ?” ಎಂದಳೊಬ್ಬಳು.

ಮುಂದೆ ಏನು? ನಾನು ಬಚ್ಚಿಟ್ಟುಕೊಂಡ ಆ ಬಾಟಲಿಯಷ್ಟು ರಕ್ತದ ಒಂದು ಕಣವೂ ಮಳೆಗಾಲ ಮುಗಿಯುವವರೆಗೆ ಉಳಿಯುವುದಿಲ್ಲ. ನನ್ನೊಳಗೇ ಸಾಯುತ್ತದೆ, ನನಗೆ ತಿಳಿಯುವುದೂ ಇಲ್ಲ. ಕೊಟ್ಟಿದ್ದರೂ ಕೆಲವು ವಾರಗಳಲ್ಲಿ ಮೈ ಅದನ್ನು ತುಂಬಿಕೊಳ್ಳುತ್ತಿತ್ತು. ಹಾಗಾದರೆ ನಾನು ಉಳಿಸಿಕೊಂಡದ್ದು ಏನನ್ನು?

ಆ ದಿನ ಪಾಠ ಅಲ್ಲಿಗೇ ನಿಲ್ಲಿಸಿದೆ.

ಆಮೇಲೆ ನೆನಪು ತನ್ನ ಕೆಲಸ ಶುರು ಮಾಡಿತು. ವರ್ಷಗಳು ಹೋದ ಹಾಗೆ ಆ ಗಾಜಿನ ಮೇಲೆ ಅಂಚಿನಲ್ಲಿ ಒಂದು ಮುದ್ದೆ ಕಾಣತೊಡಗಿತು. ಚಿಕ್ಕದು. ಆಮೇಲೆ ಎರಡು. ಬೆಳಕು ಕಡಿಮೆಯಿತ್ತಲ್ಲ, ನಾನು ನೋಡಿದ್ದು ಸರಿಯೋ ತಪ್ಪೋ, ಅನುಮಾನವಿದ್ದಾಗ ಬೇಡ ಎಂದದ್ದೇ ಸರಿಯಲ್ಲವೇ... ಸ್ವಲ್ಪ ಕಾಲ ನಾನು ಅದನ್ನು ನಂಬಿಯೂ ನಂಬಿದೆ. ನಿದ್ದೆ ಬರತೊಡಗಿತ್ತು.

ಬಹಳ ವರ್ಷಗಳ ಮೇಲೆ ಧಾರವಾಡದಲ್ಲಿ ನನಗೆ ಹರ್ನಿಯಾ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ರಕ್ತ ನೋಡಿದ ಹುಡುಗ ನಗುತ್ತ ಬಂದ. “ಲಕ್ಕಿ ಅದೀರಿ ಸರ. ಅಲ್ಲ, ಲಕ್ಕಿ ನೀವಲ್ಲ, ಬ್ಯಾರೇದವರು. ನಿಮ್ಮದು ಓ ಗುಂಪು. ಅಡಚಣಿ ಬಂದಾಗ ಯಾರಿಗೆ ಬೇಕಾದ್ರೂ ನಡೀತೈತಿ!”

ಓ ಗುಂಪಿನ ಕಣಗಳ ಪೊರೆಯ ಮೇಲೆ ಜಗಳಕ್ಕೆ ಕಾರಣವಾಗುವ ಆ ಗುರುತುಗಳು ಇರುವುದಿಲ್ಲ. ಇದನ್ನೂ ನಾನೇ ಎಷ್ಟೋ ಸಲ ಪಾಠ ಮಾಡಿದ್ದೆ. ಚನ್ನಬಸಪ್ಪನವರ ತಿಳಿ ನೀರಿನಲ್ಲಿ ಅವು ಮುದ್ದೆಗಟ್ಟಲು ಕಾರಣವೇ ಇರಲಿಲ್ಲ. ಮೊದಲು ಕಂಡದ್ದೇ ನಿಜ. ಮುದ್ದೆಗಳನ್ನು ಆಮೇಲೆ ಹುಟ್ಟಿಸಿದವನು ನಾನು.

ಒಂದು ಬಾಟಲಿಯಿಂದ ಅವರು ಉಳಿಯುತ್ತಿದ್ದರೇ? ಗೊತ್ತಿಲ್ಲ. ಆ ‘ಗೊತ್ತಿಲ್ಲ’ದ ಹಿಂದೆಯೂ ನಾನು ಅಡಗಿದ್ದೇನೆ, ಇನ್ನು ಬೇಡ.

ಇಷ್ಟು ವರ್ಷವೂ ಬೇಸಿಗೆ ಬಂದರೆ ನಿಮ್ಮ ಮನೆಯ ಶಾವಿಗೆ ಬರುತ್ತಿತ್ತು. ಕೈಯಲ್ಲಿ ಹೊಸೆದದ್ದು, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದ್ದು. ಒಮ್ಮೆಯೂ ಬೇಡ ಎನ್ನಲಿಲ್ಲ. ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಪಾಯಸ ಮಾಡಿಸಿ ಉಂಡೆ.

ಈ ಸಲ ನಿಮ್ಮ ಮಗ ಬಸವರಾಜನೇ ಗಂಟು ಹಿಡಿದು ಬಂದ. ಆ ದಿನ ನಿಮ್ಮ ಹೊಟ್ಟೆಯಲ್ಲಿದ್ದವನು. ಈಗ ಅವನ ಮಗನಿಗೆ ಅಕ್ಷರ ಕಲಿಯುವ ವಯಸ್ಸು.

“ಅವ್ವ ಹೇಳಿ ಕಳ್ಸ್ಯಾಳ್ರಿ ಸರ,” ಎಂದ. “ಹುಡುಗನ ಕೈ ಹಿಡದು ಮೊದಲನೇ ಅಕ್ಷರ ನೀವ ಬರಸಬೇಕಂತ. ‘ನಿಮ್ಮಪ್ಪಗ ರಕ್ತ ಕೊಡಾಕ ನಿಂತ ಕೈ ಅದು’ ಅಂತಾಳ.”

ಬರುತ್ತೇನೆ ಎಂದೆ.

ಸೋಮವಾರ ಬೆಳಗಿನ ಬಸ್ಸಿಗೆ ಬನವಾಸಿಗೆ ಬರುತ್ತಿದ್ದೇನೆ. ನೆಂಟರೆಲ್ಲ ಸೇರುವ ಮೊದಲು, ಮಗುವನ್ನು ಕರೆತರುವ ಮೊದಲು, ಈ ಹಾಳೆಗಳನ್ನು ನಿಮ್ಮ ಮುಂದೆ ಕೂತು ನಾನೇ ಓದುತ್ತೇನೆ. ಈರಪ್ಪನವರೂ ಇರಲಿ. ತಮ್ಮ ರಕ್ತ ತಮ್ಮನಿಗೆ ಒಗ್ಗಲಿಲ್ಲವೆಂದು ಅವರು ಇಂದಿಗೂ ಕೊರಗುತ್ತಾರೆ ಎಂದು ಬಸವರಾಜ ಹೇಳಿದ. ಕೊರಗಬೇಕಾದವರು ಅವರಲ್ಲ ಎಂಬುದು ಅವರಿಗೆ ತಿಳಿಯಬೇಕು. ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡಬೇಕಾದ ಭಾರ ನಿಮ್ಮ ಮೇಲೆ ಬೀಳುತ್ತದೆ.

ಶಾವಿಗೆಯ ಗಂಟು ಬಿಚ್ಚಿಲ್ಲ, ಹಾಗೆಯೇ ತರುತ್ತೇನೆ. ಓದಿ ಮುಗಿಸಿ ಅದನ್ನು ನಿಮ್ಮ ಮುಂದಿಟ್ಟು, ಈ ಕೈಯನ್ನು ನನ್ನ ಮಡಿಲಲ್ಲೇ ಇಟ್ಟುಕೊಂಡಿರುತ್ತೇನೆ. ಮಗುವಿನ ಕೈ ಹಿಡಿಯಲು ನಾನಾಗಿ ಅದನ್ನು ಚಾಚುವುದಿಲ್ಲ.